ಹಂದಿ ಮುಟ್ಟದ ಹಲಸು

ಬೆಂಕಿ ಆರಿ ಒಂದು ರಾತ್ರಿ ಕಳೆದಿದ್ದರೂ ನಡುಮನೆಯ ಗೋಡೆ ಇನ್ನೂ ಬೆಚ್ಚಗಿತ್ತು. ಕೊಟ್ಟಿಗೆಹಾರದ ಪೇಟೆಯಿಂದ ತುಸು ಇಳಿದರೆ ಸಿಗುವ ಬಾಡಿಗೆ ಮನೆ ಅದು. ಸಬ್ ಇನ್ಸ್‌ಪೆಕ್ಟರ್ ವಂದನಾ ಜಗಲಿಯ ಮೀಟರ್ ಬೋರ್ಡಿಗೆ ಟಾರ್ಚು ಬಿಟ್ಟಳು. ಟ್ರಿಪ್ ಸ್ವಿಚ್ಚು ಇದ್ದಲ್ಲೇ ಇತ್ತು. ಆದರೆ ಅದರ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಯಾರೋ ದಪ್ಪ ತಂತಿ ಬಿಗಿದಿದ್ದರು. ಎಷ್ಟು ಕರೆಂಟು ಹರಿದರೂ ಸ್ವಿಚ್ಚು ಇನ್ನು ಬೀಳುವಂತಿರಲಿಲ್ಲ.

ಇದು ತಾನಾಗಿ ಆದದ್ದಲ್ಲ. ಯಾರದೋ ಕೈ.

ಯಾರ ಕೈ ಎಂದು ಊರು ಆಗಲೇ ತೀರ್ಮಾನಿಸಿತ್ತು. ಮನೆಗೆ ವೈರಿಂಗ್ ಮಾಡಿದವನು ತಾಹಾ. ಒಳಗೆ ಸುಟ್ಟುಕೊಂಡವಳು ಅವನ ಸ್ವಂತ ಅಕ್ಕ ಹಮೀದುನ್ನೀಸಾ. ಮಗಳು ಇರಮ್‌ಳನ್ನು ಹೊರಗೆ ಎಳೆಯುವಾಗ ಅವಳ ಎರಡೂ ಅಂಗೈ ಬೆಂದಿದ್ದವು. ಪುಕ್ಕಟೆ ಕೆಲಸ ಅಂದ್ರೆ ಹೀಗೇ ಮಾರಾಯ, ಎಂದು ಹೋಟೆಲಿನಲ್ಲಿ ಕೂತವರು ಆಡಿಕೊಳ್ಳುತ್ತಿದ್ದರು. ಸಂಜೆಯೊಳಗೆ ಅವನನ್ನು ಒಳಗೆ ಹಾಕಿ ಎಂದು ಮೇಲಿನಿಂದ ಫೋನೂ ಬಂದಿತ್ತು.

*

ತಾಯಿ ಮಗಳಿಗೆ ಸದ್ಯಕ್ಕೆ ಮನೆಯ ಮಾಲೀಕ ಓಂಕಾರಮೂರ್ತಿಯ ಕಾಫಿ ಗೋಡೌನೇ ಆಸರೆ. ಮೂಟೆಗಳ ಪಕ್ಕ ಚಾಪೆ ಹಾಸಿಕೊಟ್ಟಿದ್ದರು. ಊಟ, ಮುಲಾಮು, ಹಾಲು, ಯಾವುದಕ್ಕೂ ಮೂರ್ತಿ ಕೊರತೆ ಮಾಡಿರಲಿಲ್ಲ. ಸುಟ್ಟ ಮನೆಯನ್ನು ಬೇಗ ಸರಿ ಮಾಡಿಸಿಕೊಡುತ್ತೇನೆಂದು ಆಳು ಬಸವರಾಜುವನ್ನು ಬೆಳಿಗ್ಗೆಯೇ ಕೆಲಸಕ್ಕೆ ಹಚ್ಚಿದ್ದರು.

ತಾಹಾ ಗೋಡೌನಿನ ಅಂಗಳದಲ್ಲಿ ನಿಂತಿದ್ದ. ಅಕ್ಕ ಅವನನ್ನು ಒಳಗೆ ಬಿಟ್ಟಿರಲಿಲ್ಲ.

ವಂದನಾ ಚಾಪೆಯ ತುದಿಯಲ್ಲಿ ಕೂತು ನಿಧಾನಕ್ಕೆ ಕೇಳುತ್ತಾ ಹೋದಳು. ಹಮೀದುನ್ನೀಸಾ ಹೇಳಿದ್ದಿಷ್ಟು. ಸ್ವಲ್ಪ ದಿನದಿಂದ ಟ್ರಿಪ್ ಸ್ವಿಚ್ಚು ಪದೇ ಪದೇ ಬೀಳುತ್ತಿತ್ತು. ತಮ್ಮನಿಗೆ ಫೋನ್ ಮಾಡಿದ್ದಳು. ಆಮೇಲೊಂದು ದಿನ ತೋಟದ ಕೆಲಸ ಮುಗಿಸಿ ಬಂದಳು, ಆ ರಾತ್ರಿ ಸ್ವಿಚ್ಚು ಬೀಳಲಿಲ್ಲ. ತಾನಿಲ್ಲದಾಗ ತಾಹಾ ಬಂದು ಏನೋ ಮಾಡಿ ಹೋದ ಅಂದುಕೊಂಡಳು.

"ನಾನು ಬರ್ಲೇ ಇಲ್ಲ ಆಪಾ. ಘಟ್ಟದ ಕೆಳಗೆ ಕೆಲಸದಲ್ಲಿದ್ದೆ," ಎಂದ ತಾಹಾ ಹೊರಗಿನಿಂದ.

ಅವಳು ಆ ಕಡೆ ತಿರುಗಲಿಲ್ಲ.

"ಯಾವ ಹೊತ್ತಿಗೆ ಬೀಳ್ತಿತ್ತು?" ವಂದನಾ ಕೇಳಿದಳು.

"ಸಂಜೆ ಮಗ್ರಿಬ್ ನಮಾಜ್ ಆದ್ಮೇಲೇ ಮೇಡಂ. ಹಗಲಲ್ಲಿ ಒಂದ್ಸಲಾನೂ ಇಲ್ಲ. ಮನೇಲಿದ್ದ ಲೈಟೆಲ್ಲಾ ಆರಿಸಿ ನೋಡ್ದೆ, ಆದ್ರೂ ಬೀಳ್ತಿತ್ತು."

ವಂದನಾ ತಲೆಯೆತ್ತಿದಳು. ಮನೆಯಲ್ಲಿ ಏನೂ ಉರಿಯದಿದ್ದರೆ ಆ ಕರೆಂಟನ್ನು ಎಳೆಯುತ್ತಿದ್ದುದು ಏನು? ಅದೂ ಕತ್ತಲಾದ ಮೇಲೆ ಮಾತ್ರ?

*

ಅವಳು ಸುಟ್ಟ ಮನೆಗೆ ವಾಪಸು ಬಂದಳು. ಹೆಚ್ಚು ಹಾಳಾದದ್ದು ನಡುಮನೆ. ಬಸವರಾಜು ಮಾತ್ರ ಅಡುಗೆಮನೆಯ ಹಿಂಗೋಡೆಯನ್ನು ಕೆರೆಯುತ್ತಿದ್ದ. ಇಲ್ಲಿಂದಲೇ ಶುರು ಮಾಡು ಅಂದಿದ್ದಾರೆ ಸಾಹುಕಾರ್ರು, ಎಂದ. ಕೆಲಸ ನಿಲ್ಲಿಸಲು ಹೇಳಿ ವಂದನಾ ಹಿತ್ತಿಲಿಗೆ ಇಳಿದಳು.

ಮನೆಯ ಹಿಂದೆ ಮೂರ್ತಿಯ ಬಾಳೆತೋಟ. ಗಾಳಿಗೆ ಮುರಿದ ಒಂದು ಬಾಳೆ ನೀರಿನ ಕಬ್ಬಿಣದ ಪೈಪಿನ ಮೇಲೆ ಒರಗಿತ್ತು. ಅಂಚಿನಲ್ಲಿ ದೊಡ್ಡ ಹಲಸಿನ ಮರ. ಬುಡದಲ್ಲಿ ಹಣ್ಣುಗಳು ಬಿದ್ದು, ಒಡೆದು, ಕೊಳೆತು, ನೊಣ ಮುತ್ತಿತ್ತು. ವಾಸನೆಗೆ ತಲೆ ತಿರುಗುವಂತಿತ್ತು. ಪಕ್ಕದ ತೋಟಗಳಲ್ಲಿ ಆನೆ, ಹಂದಿ ಬರುತ್ತವೆಂದು ಕಾಯಿ ಎಳೆಯದಾಗಿರುವಾಗಲೇ ಕಡಿದು ಹಾಕಿದ್ದರು. ಹಾಗಿದ್ದೂ ಹಂದಿಗಳು ನೆಲ ಉತ್ತಿದ್ದವು. ಇಲ್ಲಿ ಇಷ್ಟು ಹಣ್ಣು ಕಳಿತು ಬಿದ್ದಿದ್ದರೂ ಒಂದು ಗೊರಸಿನ ಗುರುತಿಲ್ಲ.

ಯಾವುದಕ್ಕೋ ಅವು ಹೆದರಿದ್ದವು.

ಅವಳು ಕಾಂಡದ ಸುತ್ತ ಬಂದಳು. ಮೊಣಕಾಲೆತ್ತರದಲ್ಲಿ ಮೊಳೆ ಕಿತ್ತ ತೂತು. ಅದರಿಂದ ಬಿಳಿ ಸೋನೆ ಇನ್ನೂ ಇಳಿಯುತ್ತಿತ್ತು. ಮುಟ್ಟಿದರೆ ಬೆರಳಿಗೆ ಅಂಟಿತು. ಹಿಂದಿನ ಸಿಲ್ವರ್ ಓಕ್ ಮರದಲ್ಲೂ ಅದೇ ಎತ್ತರಕ್ಕೆ ತೂತು. ಅದರಾಚೆಯದರಲ್ಲೂ.

"ಬೇಲಿ ತಂತಿ ಎಲ್ಲಿಟ್ಟೆ ಬಸವರಾಜು?"

ಹಿಂದೆಯೇ ಬಂದಿದ್ದ ಅವನು ಗುದ್ದಲಿಯ ಹಿಡಿ ಒರೆಸುತ್ತಾ ನಿಂತ. ಆಮೇಲೆ ಗೋಡೌನಿನ ಕಡೆ ಕಣ್ಣು ಹಾಯಿಸಿದ.

*

ತಂತಿಯ ಸುರುಳಿ ಸಿಕ್ಕಿದ್ದು ಮೂಟೆಗಳ ಹಿಂದೆ. ಹಮೀದುನ್ನೀಸಾ ತಲೆಯಿಟ್ಟು ಮಲಗುತ್ತಿದ್ದ ಜಾಗದಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮೂರ್ತಿ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಹಾಲಿನ ಪಾತ್ರೆ.

"ಸೋಲಾರ್ ಬೇಲೀದು ಮೇಡಂ, ಹಳೇದು," ಎಂದರು.

"ಸೋಲಾರ್ ಎಲ್ಲಿದೆ, ತೋರಿಸಿ ಮೂರ್ತಿಯವ್ರೇ."

ಮೂರ್ತಿ ಪಾತ್ರೆಯನ್ನು ಇನ್ನೊಂದು ಕೈಗೆ ದಾಟಿಸಿದರು.

ವಂದನಾ ಬಿಡಿಸಿ ಹೇಳಿದಳು. ಹಂದಿ ಕಾಟಕ್ಕೆ ನೀವು ಬಾಳೆಗೆ ತಂತಿ ಬೇಲಿ ಕಟ್ಟಿದಿರಿ. ನಿಮ್ಮ ಮೀಟರಿನಿಂದ ತೆಗೆದರೆ ಸಿಕ್ಕಿಬೀಳುತ್ತೀರಿ ಎಂದು ಇವರ ಅಡುಗೆಮನೆಯ ಹಿಂದಿನ ದೀಪದ ಲೈನಿಗೆ ಸೇರಿಸಿದಿರಿ. ಕತ್ತಲಾದ ಮೇಲೆ ಹಾಕುತ್ತಿದ್ದಿರಿ. ಮಂಜು ಬಿದ್ದು ನೆಲ ಒದ್ದೆಯಾದಾಗಲೆಲ್ಲ ಟ್ರಿಪ್ಪಾಗುತ್ತಿತ್ತು. ಇವರು ಕೆಲಸಕ್ಕೆ ಹೋದಾಗ ಬಂದು ಸ್ವಿಚ್ಚಿಗೆ ದಪ್ಪ ತಂತಿ ಬಿಗಿದಿರಿ. ಮೊನ್ನೆ ಗಾಳಿಗೆ ಬಾಳೆ ಮುರಿದು ಬೇಲಿಯನ್ನು ನೀರಿನ ಕಬ್ಬಿಣದ ಪೈಪಿಗೆ ಒತ್ತಿತು. ತಡೆಯುವ ಸ್ವಿಚ್ಚಿಲ್ಲದೆ ನಡುಮನೆಯ ಅಟ್ಟದಲ್ಲಿ ಹಾದ ವೈರು ಕಾದು ಹತ್ತಿಕೊಂಡಿತು. ಬೆಳಗಾಗುವಷ್ಟರಲ್ಲಿ ಬೇಲಿ ಕಿತ್ತಿರಿ. ವೈರು ಸೇರಿಸಿದ ಗುರುತು ಮಾತ್ರ ಹಿಂಗೋಡೆಯಲ್ಲಿ ಉಳಿದಿತ್ತು, ಅದಕ್ಕೇ ಅಲ್ಲಿಂದ ರಿಪೇರಿ.

"ಹಂದಿಗೆ ಅಂತ ಹಾಕಿದ್ದು ಮೇಡಂ. ಮನುಷ್ಯರಿಗಲ್ಲ," ಎಂದರು ಮೂರ್ತಿ. ಪಾತ್ರೆಯನ್ನು ನೆಲಕ್ಕಿಡಲು ಬಗ್ಗಿದವರು ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಇರಮ್ ಅಲ್ಲೇ ಹಣ್ಣು ಹೆಕ್ಕೋದಕ್ಕೆ ಹೋಗ್ತಿತ್ತು," ಎಂದಳು ಹಮೀದುನ್ನೀಸಾ. ದನಿ ಏರಿರಲಿಲ್ಲ. "ನಿಮ್ಗೂ ಗೊತ್ತಿತ್ತು."

*

ಮೂರ್ತಿಯನ್ನು ಹತ್ತಿಸಿಕೊಂಡ ಪೊಲೀಸ್ ಜೀಪು ಪೇಟೆಯ ಕಡೆ ತಿರುಗಿತು. ತಾಹಾ ಅಂಗಳದಲ್ಲೇ ಇದ್ದ, ಬರಲೋ ಬೇಡವೋ ಎಂಬಂತೆ. ಹಮೀದುನ್ನೀಸಾ ಬಾಗಿಲಿಗೆ ಬಂದು ಭುಜದಿಂದ ಕದವನ್ನು ಪೂರ್ತಿ ತಳ್ಳಿದಳು.

"ಇಲ್ಲಿ ಇನ್ನೊಂದು ರಾತ್ರಿ ಮಲಗಲ್ಲ. ನಿನ್ ಮನೇಗೇ ಬರ್ತೀವಿ," ಎಂದಳು. ಚಪ್ಪಲಿ ಮೆಟ್ಟುತ್ತಾ ಕೇಳಿದಳು, "ಅಲ್ಲಿನ ವೈರಿಂಗ್ ಯಾರು ಮಾಡಿದ್ದು?"

"ನಾನೇ ಆಪಾ."

"ಸರಿ," ಎಂದು ಅವಳು ಮಗಳನ್ನು ಕರೆದಳು.