ಹಪ್ಪಳ ಒಣಗಿಸಿದ ಮಾಳಿಗೆ

ಪುಸ್ತಕ ಅಚ್ಚಿಗೆ ಹೋಗಬೇಕಿದ್ದ ದಿನ ಬೆಳಿಗ್ಗೆಯೇ ಆ ಪತ್ರ ಬಂತು. ಕೆಳಗೆ ಹೆಸರಿಲ್ಲ, ಕೈಬರಹವೂ ಅಲ್ಲ. ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದು. ಪ್ರಕಾಶಕ ಕುಬೇರಪ್ಪ ಅದನ್ನು ಪುಸ್ತಕ ಬರೆದ ಉಮಾಶ್ರೀಯ ಮುಂದೆ ತಳ್ಳಿದರು.

"ನಾನು ಆ ಹೋಟೆಲಿನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ದುಡಿದವನು. ಈಕೆಯ ನಕ್ಷೆ ಸುಳ್ಳು. ಮಹಡಿಯ ಮೂಲೆಯಿಂದ ಮೇಲಕ್ಕೆ ಹೋಗುವ ಮೆಟ್ಟಿಲು ಹನ್ನೊಂದಲ್ಲ, ಹದಿನಾಲ್ಕು. ದಿನಾ ಅದನ್ನು ಹತ್ತಿ ಮಾಳಿಗೆಯ ಮೇಲೆ ಹಪ್ಪಳ ಒಣಗಿಸಿದ ನನಗೆ ಗೊತ್ತಿಲ್ಲವೇ? ಕಟ್ಟಡ ಬಿದ್ದುಹೋಯಿತೆಂದು ಏನು ಬೇಕಾದರೂ ಬರೆಯಬಹುದೇ?"

ಕಾರವಾರದ ಬಂದರಿನ ದಂಡೆಯಲ್ಲಿದ್ದ ಪಾವಸ್ಕರ್ ಹೋಟೆಲು ನೂರು ವರ್ಷ ನಿಂತಿತ್ತು. ಕೆಡವುವ ಮೊದಲು ಉಮಾಶ್ರೀ ಧಾರವಾಡದಿಂದ ಹೋಗಿ, ಎರಡು ಬೇಸಿಗೆ ಅಲ್ಲೇ ಇದ್ದು, ಒಂದೊಂದು ಕಂಬ ಅಳೆದು ಅದರ ಚರಿತ್ರೆ ಬರೆದಿದ್ದಳು. ಈಗ ಅಲ್ಲಿ ಬರೀ ಬಯಲು. ಅಳತೆಯ ವಹಿ ತೆಗೆದು ನೋಡಿದಳು. ಹನ್ನೊಂದೇ. ಆದರೆ ಅದು ಅವಳದೇ ಕೈಬರಹ, ಸಾಕ್ಷಿಯಾಗುವುದು ಹೇಗೆ? ಸಂಜೆಯೊಳಗೆ ಇತ್ಯರ್ಥವಾಗದಿದ್ದರೆ ಪುಸ್ತಕ ಬೇಡವೇ ಬೇಡ ಎಂದು ಕುಬೇರಪ್ಪ ಎದ್ದು ಹೋದರು.

ಆ ಪ್ರೆಸ್ಸಿನಲ್ಲಿ ನಲವತ್ತು ವರ್ಷದಿಂದ ಕರಡು ತಿದ್ದುತ್ತಿದ್ದ ಅಬ್ದುಲಗನಿ ಪತ್ರದ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ಓದಿದರು.

"ನಮ್ಮನ್ನ ಬಿಟ್ಟು ನಕ್ಷಿ ಯಾರ್ಯಾರು ನೋಡ್ಯಾರ, ತಂಗಿ?"

"ಇಬ್ಬರ, ಗನಿ ಕಾಕಾ. ಪಾವಸ್ಕರ್, ಆರತಿ. ಹೊರಗಿಂದ ತಗದ ಫೋಟೋ ಮಾತ್ರ ಯಾರಿಗೂ ತೋರಿಸಿಲ್ಲ."

ಪಾವಸ್ಕರ್ ಅಂದರೆ ಹೋಟೆಲು ಕಟ್ಟಿಸಿದವರ ಮೊಮ್ಮಗ. ಈಗ ಪ್ರೆಸ್ಸಿನ ಊರಲ್ಲೇ, ಕೇಶ್ವಾಪುರದಲ್ಲಿ ವಾಸ. ಆರತಿ ಕಾಲೇಜಿನ ಗೆಳತಿ. ಉಮಾಶ್ರೀ ಕಳಿಸಿದ ಅಳತೆಗಳನ್ನು ಧಾರವಾಡದ ಕೆಲಗೇರಿಯ ಮನೆಯಲ್ಲೇ ಕೂತು ನಕ್ಷೆಗಿಳಿಸಿದವಳು. ಕಾಲೇಜಿನಲ್ಲಿ ಪ್ರತಿ ಸಲ ಮೆಚ್ಚುಗೆ ಪಡೆದು ಗೋಡೆಗೇರಿದ್ದು ಆರತಿಯ ನಕ್ಷೆಯ ಹಾಳೆಯೇ. ಅದರ ಕೆಳಗೆ ನಿಂತು ಹೊಗಳಿ ಹೊಗಳಿ ಉಮಾಶ್ರೀಯ ಬಾಯಿ ಕಹಿಯಾಗಿತ್ತು.

"ಪಾವಸ್ಕರನ ಬರದಾನ. ಅವಂಗ ಹೊಟ್ಟಿಕಿಚ್ಚು," ಎಂದಳು.

"ಅದೇನ್ರಿ, ಒಬ್ಬರಿಗೇ ಇರ್ತದೇನು?" ಗನಿ ಕಾಕಾ ಚಪ್ಪಲಿ ಮೆಟ್ಟಿದರು.

ಕೇಶ್ವಾಪುರದ ಮನೆಯಲ್ಲಿ ಪಾವಸ್ಕರ್ ಏನನ್ನೂ ಮುಚ್ಚಿಡಲಿಲ್ಲ. ತನ್ನ ಅಜ್ಜನ ಹೋಟೆಲಿಗೆ ಎಲ್ಲಿಂದಲೋ ಬಂದವಳು ವಾರಸುದಾರಳಾಗಿದ್ದಾಳೆ, ಊರವರು ಈಗ ಅವಳನ್ನು ಕೇಳುತ್ತಾರೆ, ತನ್ನನ್ನಲ್ಲ. ಉರಿಯದೆ ಇರುತ್ತದೆಯೇ ಎಂದ. ಪತ್ರ ಮಾತ್ರ ತನ್ನದಲ್ಲ.

"ಹಪ್ಪಳ ಎಲ್ಲಿ ಒಣಗಸ್ತಿದ್ರಿ?" ಗನಿ ಕಾಕಾ ಕೇಳಿದರು.

"ಅಂಗಳದಲ್ಲಿ. ಮತ್ತೆಲ್ಲಿ ಒಣಗಿಸುದು ಮಾರಾಯ್ರೆ?"

"ಮತ್ತ ಆ ಮೂಲಿ ಮೆಟ್ಟಲ?"

ಅದು ಹಂಚಿನಡಿಯ ಒಂದು ಕಿಟಕಿಗೆ ಹೋಗುತ್ತಿತ್ತಂತೆ. ಅಜ್ಜ ಅಲ್ಲಿ ಕೂತು, ಹಡಗು ಕಂಡೊಡನೆ ಇಷ್ಟು ಸೇರು ಅಕ್ಕಿ ಹಾಕಿ ಎಂದು ಅಡುಗೆಮನೆಗೆ ಕೂಗುತ್ತಿದ್ದರಂತೆ.

ಹೊರಗೆ ಬಂದ ಮೇಲೆ ಉಮಾಶ್ರೀಗೆ ಸಿಟ್ಟು ಬಂತು. ಹೊತ್ತು ಹೋಗುತ್ತಿದೆ, ಇವರು ಹಪ್ಪಳದ ವಿಚಾರಣೆ ನಡೆಸಿದ್ದಾರೆ. ಗನಿ ಕಾಕಾ ಧಾರವಾಡದ ಚಿಗರಿ ಬಸ್ಸು ಹತ್ತಿದರು.

ಕೆಲಗೇರಿಯಲ್ಲಿ ಆರತಿ ಚಹಾ ತಂದಿಟ್ಟಳು. ಗನಿ ಕಾಕಾ ಪತ್ರವನ್ನು ಕಪ್ಪಿನ ಪಕ್ಕ ಇಟ್ಟರು.

"ಇದನ್ನ ಬರದವರು ನೀವ, ತಂಗಿ."

ಆರತಿ ನಕ್ಕಳು. "ಯಾಕಂತ?"

"ಎಲ್ಲಾರೂ ಮೆಟ್ಟಲ ಎಣಿಸ್ಕೋತ ಕುಂತ್ರು, ಹಪ್ಪಳ ಯಾರೂ ನೋಡಲಿಲ್ಲ. ನಮ್ಮ ಕಡೆ ಮಾಳಗಿ ಅಂದ್ರ ಮಣ್ಣ ಹಾಕಿದ ಸಪಾಟ ಛಾವಣಿ. ಅದರ ಮ್ಯಾಲ ಒಣಗಸ್ತೀವಿ, ಮಲಗ್ತೀವಿ. ಅದಕ್ಕ ಓದಿದವರಿಗೆ ತಪ್ಪ ಅನಸಲಿಲ್ಲ, ಉಮಾ ಅವರಿಗೂ. ಆ ಸಮುದ್ರದ ದಂಡೀ ಮಳ್ಯಾಗ ಸಪಾಟ ಮಾಳಗಿ ಎಲ್ಲಿಂದ ಬರಬೇಕು? ಮ್ಯಾಲೆಲ್ಲ ಇಳಿಜಾರ ಹಂಚು. ನಕ್ಷ್ಯಾಗ ಮೆಟ್ಟಲದ ಮುಂದ ಒಂದ ಬಾಣ ಐತಿ, 'ಮೇಲಕ್ಕೆ' ಅಂತ, ಅಷ್ಟ. ಬಾಣ ನೋಡಿ ಮಾಳಗಿ ಅಂತ ತಿಳಕೊಂಡವರು ನಕ್ಷಿ ಬಲ್ಲವರು — ಹೋಟೆಲ್ ನೋಡದವರು. ಪಾವಸ್ಕರ್ ಅಲ್ಲೇ ಬೆಳದಾನ. ನೋಡದವರು ನೀವೊಬ್ಬರ."

ಆರತಿ ಗನಿ ಕಾಕಾನ ಕಡೆ ನೋಡಲೇ ಇಲ್ಲ.

"ನಾಕ ತಿಂಗಳು ಗೆರಿ ಎಳದೆ, ಕಣ್ಣಿಲೆ ಕಾಣದ ಮನಿದು," ಎಂದಳು. "ಬರ್ತೇನಿ ಅಂದಾಗೆಲ್ಲಾ ಜಾಗಾ ಇಲ್ಲ ಅಂದಿ. ಕೆಡವೂ ಸುದ್ದೀನೂ ಹೇಳಲಿಲ್ಲ. ಖರೇ ಹೇಳು ಉಮಾ, ಅಲ್ಲಿ ಜಾಗಾ ಇರಲಿಲ್ಲೇನು?"

ಇಪ್ಪತ್ತೆರಡು ಕೋಣೆಗಳ ಆ ಹೋಟೆಲಿನಲ್ಲಿ ಎರಡು ಬೇಸಿಗೆ ಉಮಾಶ್ರೀ ಒಬ್ಬಳೇ ಇದ್ದಳು. ಆರತಿ ಒಮ್ಮೆ ಬಂದು ನೋಡಿದ್ದರೆ ಸಾಕಿತ್ತು. ಅವಳ ಕೈ ಆ ಹೋಟೆಲನ್ನು ಅವಳದಾಗಿಸಿಬಿಡುತ್ತಿತ್ತು.

"ಇತ್ತು," ಎಂದಳು ಉಮಾಶ್ರೀ.

ಗನಿ ಕಾಕಾ ಪತ್ರ ಮಡಚಿ ಕಿಸೆಗಿಟ್ಟುಕೊಂಡು ಉಮಾಶ್ರೀಯ ಕಡೆ ತಿರುಗಿದರು.

"ಸಂಜಿಗೆ ಅಚ್ಚು ಸುರು ಆಗ್ತದ, ತಂಗಿ. ಮೊದಲನೇ ಪುಟದಾಗ ನಿಮ್ಮ ಹೆಸರೊಂದ ಐತಿ. ಮತ್ತೊಂದ ಹೆಸರು ಸೇರಸೂದೈತೇನು?"

ಆರತಿ ತಲೆ ಎತ್ತಿದಳು.

ಉಮಾಶ್ರೀ ಆರಿದ ಚಹಾವನ್ನು ಕುಡಿದು ಮುಗಿಸಿದಳು.

"ಇಲ್ಲ ಕಾಕಾ," ಎಂದಳು. "ಇದ್ದಂಗ ಇರ್ಲಿ."