ಧೂಳಿನ ಮೋಡದ ನಿಯಮ

"ಮೋಡದಾಗ ಇದ್ದ ಶಿಪ್ಪಿಗೆ ಹೊಡಿಯಾಕ ಬರೂದಿಲ್ಲ. ರೂಲ್ ನಂಬರ್ ಏಳು," ಎಂದಳು ಶ್ವೇತಾ.

ಸಿದ್ದಲಿಂಗೇಶ ಡೈಸನ್ನು ಮುಷ್ಟಿಯಲ್ಲೇ ಹಿಡಿದು ರೋಹಿಣಿಯ ಮುಖ ನೋಡಿದ. "ಖರೇನು?"

ರೋಹಿಣಿ ನೋಟ್‌ಬುಕ್ ತೆರೆದಳು. ಏಳನೇ ನಿಯಮ ಹಾಗೆಯೇ ಇತ್ತು. ಬರೆದವಳೂ ಅವಳೇ.

"ಹೌದು. ಹೊಡಿಯಾಂಗಿಲ್ಲ."

"ಮತ್ತ ಆಕಿ ಒಳಗ ಕುಂತು ನನಗ ಹೊಡಿಯಾಕತ್ತಾಳಲ್ಲ?"

"ಒಳಗಿಂದ ಹೊಡಿಬಾರದು ಅಂತ ಎಲ್ಲೂ ಬರದಿಲ್ಲ," ಎಂದಳು ಶ್ವೇತಾ ಮೆಲ್ಲಗೆ. ಡೈಸ್ ಉರುಳಿಸಿದಳು. ಐದು ಬಿತ್ತು. ಸಿದ್ದಲಿಂಗೇಶನ ತಾಯಿನೌಕೆ ಚೂರು.

ಸುತ್ತ ಕೂತಿದ್ದ ಹುಡುಗರು ಉಸ್ಸೆಂದರು. ಎರಡು ವಾರದ ಹಿಂದೆ ಬ್ಯಾಡಗಿಯಿಂದ ಬಂದು ಶಾಲೆಗೆ ಸೇರಿದ ಶ್ವೇತಾ ಸೋಲಿಸಿದವರಲ್ಲಿ ಇವನು ನಾಲ್ಕನೆಯವನು.

ಆಟದ ಹೆಸರು ಗ್ರಹಯುದ್ಧ, ಆಡುವವರು ಒಂದೊಂದು ಗ್ರಹದ ಕಡೆಯವರು. ಬೇಸಿಗೆ ರಜೆಯಲ್ಲಿ ರೋಹಿಣಿ ಮತ್ತು ಜುಬೇದಾ ಕೂತು ಕಟ್ಟಿದ ಆಟ ಅದು. ರೋಹಿಣಿಯ ಅಪ್ಪ ಫಕ್ಕೀರಪ್ಪನದು ಬೀಜದ ಅಂಗಡಿ. ಅಲ್ಲಿ ಹಳೇ ಕ್ಯಾಲೆಂಡರುಗಳಿಗೆ ಬರವಿಲ್ಲ. ಒಂದರ ಬೆನ್ನ ಮೇಲೆ ಸ್ಕೇಲು ಹಿಡಿದು ಹನ್ನೆರಡು ಸಾಲು, ಸಾಲಿಗೆ ಹನ್ನೆರಡು ಮನೆ ಎಳೆದರು. ನಟ್ಟನಡುವಿನ ಹದಿನಾರು ಮನೆಗಳಿಗೆ ಕಂದು ಕ್ರೆಯಾನ್ ತಿಕ್ಕಿದರು. ಅದು ಧೂಳಿನ ಮೋಡ.

ಜುಬೇದಾಳ ಅಪ್ಪ ಯೂಸುಫಸಾಬ ಟೇಲರ್. ಅವರ ಡಬ್ಬಿಯ ಗುಂಡಿಗಳೇ ಆಕಾಶನೌಕೆಗಳು. ನಾಲ್ಕು ತೂತಿನ ಗುಂಡಿ ಒಮ್ಮೆಗೆ ನಾಲ್ಕು ಮನೆ ಓಡುತ್ತದೆ, ಎರಡು ತೂತಿನದು ಎರಡು ಮನೆ. ಕೋಟಿನ ದೊಡ್ಡ ಗುಂಡಿ ತಾಯಿನೌಕೆ. ಅದು ಒಂದೊಂದೇ ಮನೆ ತೆವಳುತ್ತದೆ. ಎರಡು ಮನೆ ದೂರದೊಳಗೆ ಶತ್ರು ಸಿಕ್ಕರೆ ಹೊಡೆಯಬಹುದು. ಡೈಸಿನಲ್ಲಿ ನಾಲ್ಕು, ಐದು ಅಥವಾ ಆರು ಬಿದ್ದರೆ ಆ ಗುಂಡಿ ಚೂರು. ಎದುರಿನವರ ತಾಯಿನೌಕೆ ಒಡೆದರೆ ಗೆದ್ದಂತೆ. ನಮ್ಮ ತಾಯಿನೌಕೆ ಆಚೆ ದಂಡೆ ಮುಟ್ಟಿದರೂ ಗೆದ್ದಂತೆ.

ಜೂನಿನಲ್ಲಿ ಶಾಲೆ ಶುರುವಾದಾಗ ಆಟ ಕ್ಲಾಸಿಗೆ ಬಂತು. ಆಗಸ್ಟಿನ ಹೊತ್ತಿಗೆ ಆಡುವುದಕ್ಕಿಂತ ಆಟದ ಬಗ್ಗೆ ವಾದ ಮಾಡುವುದೇ ಹೆಚ್ಚಾಗಿತ್ತು. ನಾಲ್ಕು ತೂತಿನವನ್ನು ಮುಂದೆ ಬಿಡಬೇಕೋ, ಎರಡು ತೂತಿನವನ್ನೋ? ಮೂಲೆಯಿಂದ ಮೂಲೆಗೆ ಓಡಿದರೆ ಒಂದು ಮನೆಯೋ, ಎರಡೋ? ಪ್ಲುಟೊ ಗ್ರಹವೇ ಅಲ್ಲ ಎಂದು ಪೇಪರಿನಲ್ಲಿ ಬಂದ ದಿನ, ಪ್ಲುಟೊ ಕಡೆಯವರು ಆಡಬಹುದೇ ಇಲ್ಲವೇ ಎಂದು ಊಟದ ಬಿಡುವು ಪೂರ್ತಿ ಜಗಳ ನಡೆದಿತ್ತು. ಯಾವ ವಾದವೇ ಇರಲಿ, ಕೊನೆಗೆ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಮಾತು: "ರೋಹಿಣಿ, ಬುಕ್ಕಿನಾಗ ಏನೈತಿ?"

ಹಾಗೆ ಕೇಳಿದಾಗ ರೋಹಿಣಿಗೆ ಬಹಳ ಖುಷಿ.

ಈಗ ಶುಕ್ರವಾರ ಶ್ವೇತಾಳ ಎದುರು ಆಡುವ ಪಾಳಿ ಅವಳದೇ ಆಗಿತ್ತು.

ಗುರುವಾರ ಸಂಜೆಯೆಲ್ಲ ಅವಳು ಅದನ್ನೇ ಯೋಚಿಸಿದಳು. ಮೋಡದಲ್ಲಿ ಶ್ವೇತಾಳ ಏಳು ಗುಂಡಿಗಳು ಕೂತಿರುತ್ತವೆ. ತನಗೆ ಅವನ್ನು ಹೊಡೆಯಲು ಬರುವುದಿಲ್ಲ, ಅವು ತನ್ನನ್ನು ಹೊಡೆಯುತ್ತವೆ. ಆಟ ಕಟ್ಟಿದವಳೇ ಎಲ್ಲರೆದುರು ಸೋಲುತ್ತಾಳೆ.

ಶುಕ್ರವಾರ ಬೆಳಿಗ್ಗೆ ಅವ್ವ ಪ್ರೇಮವ್ವ ಒಗ್ಗರಣೆ ಮಂಡಕ್ಕಿ ತಂದಿಟ್ಟು ಒಳಗೆ ಹೋದಳು. ರೋಹಿಣಿ ತಟ್ಟೆ ಸರಿಸಿ ನೋಟ್‌ಬುಕ್ ತೆರೆದಳು. ಏಳನೇ ನಿಯಮದ ಕೆಳಗೆ ಒಂದು ಸಾಲು ಖಾಲಿ ಇತ್ತು. ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದಳು: 'ಮೋಡದ ಒಳಗಿನ ನೌಕೆಯೂ ಹೊರಗೆ ಹೊಡೆಯುವಂತಿಲ್ಲ.'

ಬರೆದ ಮೇಲೆ ಮಂಡಕ್ಕಿ ತಿನ್ನಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ಶ್ವೇತಾ ಎಂದಿನಂತೆ ಗುಂಡಿಗಳನ್ನು ಮೋಡಕ್ಕೆ ನುಗ್ಗಿಸಿದಳು. ರೋಹಿಣಿಯ ನೌಕೆಯೊಂದು ಹತ್ತಿರ ಬಂದಾಗ ಡೈಸ್ ಎತ್ತಿದಳು.

"ಒಳಗಿಂದ ಹೊಡಿಯಾಂಗಿಲ್ಲ," ಎಂದಳು ರೋಹಿಣಿ.

"ಯಾಕ?"

"ಬುಕ್ಕಿನಾಗೈತಿ. ನೋಡು."

ಶ್ವೇತಾ ಬಗ್ಗಿ ಓದಿದಳು. ಎರಡು ಸಲ ಓದಿದಳು. ಆಮೇಲೆ ತಲೆಯೆತ್ತಿ ರೋಹಿಣಿಯನ್ನು ನೋಡಿದಳು. "ಇದು ಮೊದ್ಲ ಇತ್ತೇನು?"

"ಇತ್ತು. ನೀ ಸರಿಯಾಗಿ ಓದಿಲ್ಲ."

"ನಾ ಅವತ್ತ ಹೇಳಿದ್ನಿಲ್ಲ," ಎಂದ ಸಿದ್ದಲಿಂಗೇಶ ಖುಷಿಯಿಂದ. "ಇದು ಮೋಸ ಅಂತ."

ಶ್ವೇತಾ ಡೈಸ್ ಕೆಳಗಿಟ್ಟಳು. ಮೋಡದೊಳಗಿನ ಗುಂಡಿಗಳನ್ನು ಹೊರಗೆ ತಂದಳು. ರೋಹಿಣಿ ಒಂದೊಂದಾಗಿ ಹೊಡೆದಳು. ಬೆಲ್ ಆಗುವ ಮೊದಲೇ ಗೆದ್ದಳು. ಹುಡುಗರು ಅವಳ ಬೆನ್ನು ತಟ್ಟಿದರು. ಜುಬೇದಾ ಮಾತ್ರ ನೆಲದ ಮೇಲಿನ ಗುಂಡಿಗಳನ್ನು ಆರಿಸಿ ಡಬ್ಬಿಗೆ ಹಾಕುತ್ತ ಕೂತಿದ್ದಳು.

ಸಂಜೆ ಸ್ಟೇಷನ್ ರೋಡಿನಲ್ಲಿ ರೋಹಿಣಿ, ಜುಬೇದಾ ಇಬ್ಬರೂ ಜೊತೆಯಾಗಿ ನಡೆದರು. ಆಟೋ ಒಂದು ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹೋಯಿತು. ಅದು ದೂರ ಹೋದ ಮೇಲೆ ಜುಬೇದಾ ಬಾಯಿಬಿಟ್ಟಳು.

"ಆ ಲೈನ್ ನೀ ಯಾವಾಗ ಬರದಿ?"

"ಮೊದ್ಲ..."

"ನನ್ನ ಮುಂದ ಹೇಳಬ್ಯಾಡ. ಏಳನೇ ರೂಲ್ ಬರಿಯೂ ಮುಂದ ಪೆನ್ನು ನಂದಿತ್ತು. ಈ ಲೈನಿನ ಇಂಕು ಬ್ಯಾರೆ ಐತಿ."

ರೋಹಿಣಿಯ ಕಿವಿ ಬಿಸಿಯಾಯಿತು. "ಆದ್ರ ರೂಲ್ ಸರಿ ಐತೆಲ್ಲ? ಒಳಗಿನವರಿಗೆ ಹೊಡಿಯಾಕ ಬರೂದಿಲ್ಲ ಅಂದ್ರ ಅವರೂ ಹೊಡಿಬಾರದು. ರೂಲ್ ಚೇಂಜ್ ಮಾಡಬಾರದೇನು? ಪ್ಲುಟೊಂದು ವಿಜ್ಞಾನಿಗೋಳು ಚೇಂಜ್ ಮಾಡಿಲ್ಲೇನು?"

"ಮಾಡ್ಯಾರ. ಎಲ್ಲಾರೂ ಒಂದ ಕಡೆ ಕೂಡಿ, ಕೈ ಎತ್ತಿ ಮಾಡ್ಯಾರ. ಪೇಪರಿನಾಗ ಹಾಕಿ ಜಗತ್ತಿಗೆಲ್ಲಾ ಹೇಳ್ಯಾರ. ಮೊದ್ಲಿಂದನೂ ಹಿಂಗ ಇತ್ತು ಅಂತ ಅವರು ಹೇಳಿಲ್ಲ."

ರೋಹಿಣಿ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡು ಮುಂದೆ ನಡೆದಳು.

"ಇನ್ನೊಂದು ಹೇಳ್ತೇನಿ," ಎಂದಳು ಜುಬೇದಾ. "ಶ್ವೇತಾನ ಅವ್ವ ನಮ್ಮ ಅಂಗಡಿ ಬ್ಲೌಸಿಗೆ ಹುಕ್ ಹಚ್ಚಿ ಕೊಡ್ತಾರ. ಹೋದ ವಾರ ಆಕಿ ಅವ್ವನ ಜೋಡಿ ಬಂದಿದ್ಲು. ನಿನ್ನ ಬುಕ್ ನನ್ನ ಕಡೆ ಇತ್ತು. ಕೇಳಿ ತಗೊಂಡು, ಅಲ್ಲೇ ಕುಂತು ಪೂರ್ತಿ ಕಾಪಿ ಮಾಡ್ಕೊಂಡಾಳ. ಅದು ಇವತ್ತ ಆಕಿ ಬ್ಯಾಗಿನಾಗ ಇತ್ತು. ನಾ ನೋಡೇನಿ."

"ಮತ್ತ ಯಾಕ ತೋರಿಸಲಿಲ್ಲ?"

"ನನಗೇನ್ ಗೊತ್ತು? ಆಕಿನ್ನ ಕೇಳು."

ಶನಿವಾರ ಸಂಜೆ ರೋಹಿಣಿ ಯೂಸುಫಸಾಬರ ಅಂಗಡಿಗೆ ಹೋದಳು. ಮಷಿನ್ ಗರಗರ ಓಡುತ್ತಿತ್ತು. ಶ್ವೇತಾಳ ಅವ್ವ ಒಳಗಿನ ಚಾಪೆಯ ಮೇಲೆ ಬಟ್ಟೆ ಎಣಿಸಿ ಗಂಟು ಕಟ್ಟುತ್ತಿದ್ದಳು. ಹೊರಗಿನ ಕಟ್ಟೆಯ ಮೇಲೆ ಶ್ವೇತಾ ಒಬ್ಬಳೇ ಕೂತಿದ್ದಳು. ಮುಂದೆ ಟೇಲರ್ ಚಾಕಿನಿಂದ ಗೀಚಿದ ಮನೆಗಳು, ಚಿಂದಿ ಬಟ್ಟೆಯ ಚೂರುಗಳು. ಎರಡೂ ಕಡೆಯವರ ಆಟ ಅವಳೇ ಆಡುತ್ತಿದ್ದಳು.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ರೋಹಿಣಿಗೆ ಮರೆತುಹೋಯಿತು.

"ಆ ಲೈನ್ ನಾ ನಿನ್ನೆ ಮುಂಜಾನೆ ಬರದೇನಿ," ಎಂದಳು.

"ಗೊತ್ತೈತಿ."

"ನಿನ್ನ ಕಡೆ ಕಾಪಿ ಇತ್ತಲ್ಲ. ತೋರಿಸಬೇಕಿತ್ತು."

ಶ್ವೇತಾ ಬೆರಳಿನಿಂದ ಒಂದು ಗೆರೆ ಅಳಿಸಿ ಮತ್ತೆ ಎಳೆದಳು. "ತೋರಿಸಿದ್ರ ನೀ ಸುಳ್ಳು ಹೇಳಿದಿ ಅಂತ ಎಲ್ಲಾರಿಗೂ ಗೊತ್ತಾಕ್ಕಿತ್ತು. ಆಮ್ಯಾಲ ನೀ ನನ್ನ ಆಟಕ್ಕ ಕರೀತಿದ್ದೇನು? ನೀ ಕರೀಲಿಲ್ಲ ಅಂದ್ರ ಉಳದವರೂ ಕರಿಯೂದಿಲ್ಲ. ಬ್ಯಾಡಗ್ಯಾಗ ನನಗ ಎಲ್ಲಾರೂ ಗೊತ್ತು. ಇಲ್ಲಿ ಈ ಆಟ ಒಂದ ಗೊತ್ತು."

ರೋಹಿಣಿ ಕಟ್ಟೆಯ ಮೇಲೆ ಕೂತಳು. ಒಳಗೆ ಮಷಿನ್ ನಿಂತಿತು. ಯೂಸುಫಸಾಬ ಕನ್ನಡಕದ ಮೇಲಿಂದ ನೋಡಿ, "ಗುಂಡಿ ಬೇಕಾದ್ರ ತಗೋರಿ ಅವ್ವಾ, ಚಿಂದಿಲೇ ಯಾಕ ಆಡ್ತೀರಿ?" ಎಂದು ಡಬ್ಬಿ ಚಾಚಿದರು.

"ಸೋಮವಾರ ಮತ್ತ ಆಡೂಣು," ಎಂದಳು ರೋಹಿಣಿ. "ಹಳೇ ರೂಲಿನ ಮ್ಯಾಲ. ನೀ ಒಳಗಿಂದ ಹೊಡಿ."

"ಸೋಲ್ತಿ."

"ನೋಡೂಣು."

ಭಾನುವಾರ ಅವಳು ನೋಟ್‌ಬುಕ್ ತೆರೆಯಲಿಲ್ಲ. ಕ್ಯಾಲೆಂಡರನ್ನು ನೆಲಕ್ಕೆ ಹಾಸಿ ಬಹಳ ಹೊತ್ತು ಅದನ್ನೇ ನೋಡಿದಳು. ಎಲ್ಲರೂ ನಡುವಿನಿಂದಲೇ ಯಾಕೆ ಹೋಗುತ್ತಾರೆ? ಬದಿಯ ಎರಡು ಸಾಲುಗಳು ಖಾಲಿ ಬಿದ್ದಿವೆ. ಮೋಡದಿಂದ ಅಲ್ಲಿಗೆ ಎಷ್ಟು ಮನೆ? ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಮೂರು. ಗುಂಡು ಮುಟ್ಟುವುದು ಎರಡೇ ಮನೆ.

ಸೋಮವಾರ ಊಟದ ಬಿಡುವಿನಲ್ಲಿ ಎಲ್ಲರೂ ಸುತ್ತ ಕೂತ ಮೇಲೆ ರೋಹಿಣಿ ನಿಂತಳು.

"ಏಳನೇ ರೂಲಿನ ಎರಡನೇ ಲೈನ್ ಮೊದ್ಲ ಇರಲಿಲ್ಲ. ಶುಕ್ರವಾರ ಮುಂಜಾನೆ ನಾ ಬರದೇನಿ. ಮೊದ್ಲಿಂದ ಇತ್ತು ಅಂತ ಸುಳ್ಳು ಹೇಳೇನಿ. ಆ ಆಟ ಲೆಕ್ಕಕ್ಕಿಲ್ಲ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

"ಬರದ್ರ ಬರದಿ, ಚಲೋ ರೂಲ್ ಐತಿ, ಇರಲಿ," ಎಂದ ಸಿದ್ದಲಿಂಗೇಶ.

"ಈ ಆಟ ಮುಗೀಲಿ. ಆಮ್ಯಾಲ ಎಲ್ಲಾರೂ ಕೂಡಿ ನೋಡೂಣು," ಎಂದಳು ರೋಹಿಣಿ.

ಶ್ವೇತಾಳ ಗುಂಡಿಗಳು ಮೋಡಕ್ಕೆ ನುಗ್ಗಿದವು. ರೋಹಿಣಿಯವು ಮೋಡದ ಕಡೆ ತಿರುಗಿಯೂ ನೋಡಲಿಲ್ಲ. ತಾಯಿನೌಕೆಯನ್ನು ನಡುವೆ ಇಟ್ಟುಕೊಂಡು ಬದಿಯ ಸಾಲು ಹಿಡಿದು ಹೊರಟವು. ಶ್ವೇತಾ ಡೈಸ್ ಎತ್ತಿದಳು, ಮನೆ ಎಣಿಸಿದಳು, ಡೈಸ್ ಕೆಳಗಿಟ್ಟಳು.

"ಮುಟ್ಟೂದಿಲ್ಲ," ಎಂದಳು. ಅವಳ ಮುಖದಲ್ಲಿ ಮೊದಲ ಸಲ ನಗು ಕಾಣಿಸಿತು. "ಹೊರಗ ಬರಬೇಕಾತು."

ಹೊರಗೆ ಬಂದ ಮೇಲೆ ನಿಜವಾದ ಯುದ್ಧ ನಡೆಯಿತು. ಶ್ವೇತಾಳ ನಾಲ್ಕು ಗುಂಡಿ ಹೋದವು, ರೋಹಿಣಿಯ ಐದು. ಹುಡುಗರು ಎರಡು ಪಕ್ಷವಾಗಿ ಮೊಣಕಾಲ ಮೇಲೆ ನಿಂತು ಸಲಹೆ ಕೊಟ್ಟರು. ರೋಹಿಣಿಯ ತಾಯಿನೌಕೆಗೆ ದಂಡೆ ಮುಟ್ಟಲು ಎರಡೇ ಮನೆ ಉಳಿದಿತ್ತು. ಆಗ ಶ್ವೇತಾಳ ಎರಡು ತೂತಿನ ಹಳದಿ ಗುಂಡಿ ಪಕ್ಕಕ್ಕೆ ಬಂದು ನಿಂತಿತು. ಡೈಸ್ ಉರುಳಿತು. ಆರು.

ರೋಹಿಣಿ ಸೋತಳು. ಸೋತದ್ದು ಗೊತ್ತಾದ ಮೇಲೂ ಅವಳ ಕಣ್ಣು ಬೋರ್ಡಿನ ಮೇಲೆಯೇ ಇತ್ತು. "ನಾಲ್ಕು ತೂತಿಂದು ಇಲ್ಲಿ ಅಡ್ಡ ನಿಂದ್ರಿಸಿದ್ರ ನೀ ಬರಾಕ ಆಗ್ತಿರಲಿಲ್ಲ," ಎಂದಳು.

"ಆವಾಗ ನಾ ಈ ಕಡಿಂದ ಬರ್ತಿದ್ದೆ," ಎಂದಳು ಶ್ವೇತಾ.

"ಈ ಕಡೆ ಹೆಂಗ ಬರ್ತಿ? ಮೂಲಿಗೆ ಎರಡು ಮನಿ ಲೆಕ್ಕ," ಎಂದ ಸಿದ್ದಲಿಂಗೇಶ. ಮತ್ತೆ ವಾದ ಶುರುವಾಯಿತು.

"ಮತ್ತ ಆ ಹೊಸಾ ಲೈನ್? ಬೇಕಂದವ್ರು ಕೈ ಎತ್ರಿ," ಎಂದಳು ಜುಬೇದಾ.

ಮೂರು ಕೈ ಮೇಲೆದ್ದವು. ಬೇಡ ಎಂದವರೇ ಹೆಚ್ಚು. ಶ್ವೇತಾ ಕೈ ಎತ್ತಲಿಲ್ಲ. ರೋಹಿಣಿಯೂ ಎತ್ತಲಿಲ್ಲ.

ಜುಬೇದಾ ಪೆನ್ನು ಕೊಟ್ಟಳು. ರೋಹಿಣಿ ಏಳನೇ ನಿಯಮದ ಪುಟ ತೆರೆದಳು. ಕಾಣದ ಹಾಗೆ ಗೀಚಿಬಿಡೋಣ ಎಂದು ಮೊದಲು ಕೈ ಹೋಯಿತು. ಆದರೆ ಅವಳು ಆ ಸಾಲಿನ ಮೇಲೆ ಒಂದೇ ಒಂದು ತೆಳು ಗೆರೆ ಎಳೆದಳು, ಕೆಳಗಿನ ಅಕ್ಷರಗಳೆಲ್ಲ ಓದಲು ಬರುವ ಹಾಗೆ. ಇಂಕು ಆರುವ ತನಕ ಉಫ್ ಎಂದು ಊದಿ, ಪುಸ್ತಕವನ್ನು ತೆರೆದಿದ್ದ ಹಾಗೆಯೇ ನಡುವೆ ಇಟ್ಟಳು.