ಹಳ್ಳದ ದಂಡೆಯ ನೀಲಿ ಶಿಲುಬೆ

"ಮುಟ್ಟಬೇಡ! ಬಣ್ಣ ಇನ್ನೂ ಹಸಿ!"

ಬೆನ್ನ ಹಿಂದಿನಿಂದ ಬಂದ ಆ ದನಿಗೆ ಡೆಲ್ಫೀನಾ ಥಟ್ಟನೆ ಕೈ ಹಿಂತೆಗೆದಳು. ಅಷ್ಟರಲ್ಲಿ ಶಿಲುಬೆಯನ್ನು ಮುಟ್ಟಿಯಾಗಿತ್ತು. ಕೈ ತಿರುಗಿಸಿ ನೋಡಿದರೆ ಅಂಗೈ ತುಂಬ ನೀಲಿ.

ಮೂರು ವರ್ಷ... ಮೂರು ವರ್ಷದಿಂದ ಈ ದನಿ ಕಿವಿಗೆ ಬೀಳಬಾರದೆಂದು ಹರಕೆ ಹೊತ್ತವಳಂತೆ ಬದುಕಿದ್ದಳು!

ತನ್ನೂರು ಸೊಕೊರೊ ಬಿಟ್ಟು ಎರಡು ದಿನವಾಗಿತ್ತು. ಅಣ್ಣ ನೆಸ್ಟರ್‌ನ ಹಳೇ ಪಿಕಪ್ಪು, ಕಿಟಕಿ ಪಕ್ಕ ಅವನದೇ ಕೆಂಚು ನಾಯಿ ಕನೇಲೊ, ಹೊರಗೆ ಕಣ್ಣು ಹಾಯುವಷ್ಟೂ ಆಳೆತ್ತರದ ಕಳ್ಳಿ. ದಾರಿಯುದ್ದಕ್ಕೂ ಬುರಿಟೊ ರೊಟ್ಟಿಸುರುಳಿ ಮುರಿದು ಅವಳೂ ನಾಯಿಯೂ ಹಂಚಿಕೊಂಡು ತಿಂದಿದ್ದರು. ಹಳ್ಳದ ನೀರಿಗೆ ಸಿಕ್ಕಿ ಅಣ್ಣ ಸತ್ತ ಜಾಗದಲ್ಲಿ ನೆಟ್ಟ ಶಿಲುಬೆಯನ್ನು ರಸ್ತೆ ಅಗಲ ಮಾಡುವವರು ನಾಳೆ ಕೀಳುತ್ತಾರೆಂದು ಸುದ್ದಿ ಬಂದಿತ್ತು. ದಾರಿಯಲ್ಲಿ ಸತ್ತವನ ಶಿಲುಬೆ ಕಸಕ್ಕೆ ಬಿದ್ದರೆ ಅವನು ಎರಡನೇ ಸಲ ಸತ್ತ ಹಾಗೆ ಎನ್ನುತ್ತಿದ್ದಳು ಅಜ್ಜಿ. ಒಮ್ಮೆಯೂ ಇಲ್ಲಿಗೆ ಬರುವ ಧೈರ್ಯ ಮಾಡದ ಡೆಲ್ಫೀನಾ ಅದನ್ನು ಒಯ್ಯಲೆಂದೇ ಬಂದಿದ್ದಳು.

ಶಿಲುಬೆ ಬಿಸಿಲಿಗೆ ಬಿರಿದು ಬಿದ್ದಿರುತ್ತದೆ ಎಂದುಕೊಂಡಿದ್ದಳು. ಆದರೆ ಹೊಸ ಬಣ್ಣ, ಕಾಗದದ ಹೂವು, ಮೇಲೆ ಅಣ್ಣನ ಹುಲ್ಲಿನ ಟೋಪಿ!

ಬಣ್ಣದ ಡಬ್ಬಿ ಹಿಡಿದು ನಿಂತಿದ್ದವನು ಎಲಿಸಿಯೊ. ಅಣ್ಣನ ಜೀವದ ಗೆಳೆಯ. ಅವಳ ಬೆರಳಿಗೆ ಉಂಗುರ ತೊಡಿಸಿದ್ದವನು... "ಹಳ್ಳ ಒಣಗಿದೆ, ದಾಟು ಅಂತ ನಾನೇ ಹೇಳಿದೆ" ಎಂದು ತನ್ನ ಬಾಯಿಂದಲೇ ಒಪ್ಪಿಕೊಂಡವನು! ಆ ಸಂಜೆಯೇ ಅವಳು ಉಂಗುರ ಕಿತ್ತೆಸೆದಿದ್ದಳು.

ಅಪರಿಚಿತರನ್ನು ಕಂಡರೆ ಹಲ್ಲು ತೋರಿಸುವ ಕನೇಲೊ ಕಿಟಕಿಯಿಂದ ಹಾರಿ ಅವನ ಕಾಲು ನೆಕ್ಕುತ್ತಿತ್ತು.

"ಏನೋ ಕೆಂಪಣ್ಣ, ಊದಿಬಿಟ್ಟಿದ್ದೀಯಲ್ಲೋ! ನಿಮ್ಮಮ್ಮ ತಾನು ತಿನ್ನದೆ ನಿನಗೇ ಸುರೀತಾಳೆ ಅಂತ ಕಾಣುತ್ತೆ."

"ನಾಯಿ ಹತ್ರ ಮಾತು ಬೇಡ. ಹಾರೆ ಇದ್ದರೆ ಕೊಡಿ."

ಅವನು ಹಾರೆ ತಂದ. ತಾನೇ ಅಗೆದ. ಶಿಲುಬೆಯನ್ನು ಹಸುಗೂಸಿನಂತೆ ಎತ್ತಿ ಪಿಕಪ್ಪಿನಲ್ಲಿ ಮಲಗಿಸಿ, ಟೋಪಿಯನ್ನು ಅದರ ತುದಿಗೇ ಸಿಕ್ಕಿಸಿದ.

ಆಗ ಜೀರುಂಡೆಗಳು ಒಮ್ಮೆಲೇ ಸುಮ್ಮನಾದವು.

ನೆತ್ತಿಯ ಮೇಲೆ ಸುಡುವ ಬಿಸಿಲು. ಆದರೆ ಬಡಗಣ ಗುಡ್ಡಗಳು ಇದ್ದಿಲಿನ ರಾಶಿಯಂತೆ ಕಪ್ಪಾಗಿದ್ದವು. ಎಲ್ಲಿಂದಲೋ ಒದ್ದೆ ಗಿಡದ ವಾಸನೆ... ಕನೇಲೊನ ಬೆನ್ನಿನ ಕೂದಲು ನಿಮಿರಿತು.

"ಎಲ್ಲಿಗೆ ಒಯ್ತೀಯ?"

"ಹಳ್ಳದಾಚೆ ಇಗರ್ಜಿಗೆ. ಪಾದ್ರಿಗಳು ಕಾಯ್ತಿದ್ದಾರೆ."

"ಇವತ್ತು ದಾಟಬೇಡ ಫಿನಾ. ಗುಡ್ಡದ ಮೇಲೆ ಮಳೆ ಸುರೀತಿದೆ."

"ಓಹೋ! ಅವತ್ತು ದಾಟು ಅಂದವರು ಇವತ್ತು ಬೇಡ ಅಂತೀರಾ? ನಮ್ಮಣ್ಣನ ಎದುರು ಎಲ್ಲಿ ಹೋಗಿತ್ತು ಈ ಬುದ್ಧಿ?"

ಏನೋ ಹೇಳಲು ಬಾಯಿ ತೆರೆದ ಅವನು ಕನೇಲೊನತ್ತ ನೋಡಿದ... ಬಾಯಿ ಮುಚ್ಚಿಕೊಂಡ.

'ಯಾಕೆ ನಾಯಿಯನ್ನು ನೋಡಿದ?' ಅವಳ ಮನಸ್ಸಿಗೆ ಮುಳ್ಳು ಚುಚ್ಚಿದಂತಾಯಿತು.

ರಪ್ಪನೆ ಒಂದು ಬಿರುಗಾಳಿ ಬೀಸಿತು. ಟೋಪಿ ಹಾರಿ ಹಳ್ಳದ ಒಣ ಮರಳಿಗೆ ಬಿತ್ತು. ಕನೇಲೊ ಅದರ ಹಿಂದೆಯೇ ಜಿಗಿಯಿತು!

ಮೇಲಿನ ತಿರುವಿನಾಚೆ ಸಾಲು ಲಾರಿಗಳು ಬರುವಂಥ ಸದ್ದು. ಕಾಲ ಕೆಳಗಿನ ನೆಲ ನಡುಗಿತು.

"ಕನೇಲೊ!" ಅವಳು ಓಡಿದಳು. ಎಲಿಸಿಯೊ ಹಿಂದಿನಿಂದ ಅವಳ ಸೊಂಟ ಬಳಸಿ ಹಿಡಿದ.

"ಬಿಡಿ! ಬಿಡೋ ನನ್ನ!"

"ಇಳೀಬೇಡ! ನೆಸ್ಟರ್ ಹೀಗೇ ಇಳಿದಿದ್ದ! ಇದೇ ನಾಯಿ ಹಿಡಿಯೋಕೆ! ನಾಯಿ ತಾನಾಗೇ ಮೇಲೆ ಬಂತು... ಅವನು ಬರಲಿಲ್ಲ!"

ಕೊಸರಾಡುತ್ತಿದ್ದವಳು ನಿಂತುಬಿಟ್ಟಳು.

"ಇಲ್ಲೇ ನಿಂತು ಕರಿ, ಫಿನಾ! ನಿನ್ನ ದನಿಗೆ ಬರುತ್ತೆ... ಕರಿ!"

ಕರೆದಳು. ಗಂಟಲು ಹರಿಯುವಂತೆ ಕರೆದಳು. ಟೋಪಿ ಕಚ್ಚಿದ್ದ ಕನೇಲೊ ತಲೆಯೆತ್ತಿತು. ತಿರುವಿನಲ್ಲಿ ಮರದ ದಿಮ್ಮಿಗಳನ್ನು ಹೊತ್ತ ಕಂದು ನೀರಿನ ಗೋಡೆ ಕಾಣಿಸಿತು. ನಾಯಿ ಟೋಪಿ ಬಿಟ್ಟು ಓಡಿಬಂತು. ದಂಡೆಯ ಸಡಿಲ ಮಣ್ಣಿನಲ್ಲಿ ಕಾಲು ಜಾರಿತು... ಎಲಿಸಿಯೊ ಬೋರಲು ಬಿದ್ದು ಅದರ ಕುತ್ತಿಗೆಪಟ್ಟಿಗೆ ಕೈ ಹಾಕಿ ಎಳೆದ.

ಮರುಕ್ಷಣ ಹಳ್ಳ ಬಾಯಿ ತುಂಬ ನೀರಾಗಿತ್ತು. ಟೋಪಿ ಎಲ್ಲಿ ಹೋಯಿತೋ!

ನಾಯಿಯ ಮೈಮೇಲಿದ್ದ ಅವಳ ಕೈ ಒಂದು ಗಳಿಗೆ ಹಿಂದಕ್ಕೆ ಸರಿಯಿತು. ನಡುಗುತ್ತಿದ್ದ ಕನೇಲೊ ತಾನಾಗಿಯೇ ಆ ಕೈಯಡಿ ತಲೆ ತೂರಿಸಿತು. ಅವಳು ಅದನ್ನು ಎದೆಗವಚಿಕೊಂಡು ಬಿಕ್ಕಿದಳು.

"ಯಾಕೆ ಸುಳ್ಳು ಹೇಳಿದೆ ಎಲಿಸಿಯೊ?"

"ಮಣ್ಣು ಮಾಡಿದ ದಿನ ಕನೇಲೊನ ಕುತ್ತಿಗೆಗೆ ಮುಖ ಒತ್ತಿ, 'ಅಣ್ಣನದು ಅಂತ ನೀನೊಬ್ಬನೇ ಉಳಿದೆ' ಅಂದೆಯಲ್ಲ... ಅದನ್ನ ಕೇಳಿದ ಮೇಲೆ ಹೇಗೆ ಹೇಳ್ಲಿ? ನಿನಗೆ ದ್ವೇಷಿಸೋಕೆ ಯಾರಾದರೂ ಬೇಕಿತ್ತು. ನಾಯಿಗಿಂತ ನಾನು ವಾಸಿ ಅನ್ನಿಸ್ತು."

"ಮೂರು ವರ್ಷ ನಿನಗೆ ಶಾಪ ಹಾಕಿದೀನಿ ಕಣೋ!"

"ಗೊತ್ತು. ಕಿವಿ ಗುಂಯ್ ಅಂತಾನೇ ಇತ್ತು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅವನ ಕೆನ್ನೆ ಹಿಡಿದಳು. ಐದು ಬೆರಳೂ ನೀಲಿಯಾಗಿ ಮೂಡಿದವು.

ಕೆಳಗೆ ನೀರು ಇನ್ನೂ ಮೊರೆಯುತ್ತಿತ್ತು, ಸಿಗಬೇಕಾದ್ದು ಸಿಗದ ಸಿಟ್ಟಿನಲ್ಲಿ.

"ಇಗರ್ಜಿಗೆ ಸುತ್ತು ದಾರಿ ಇದೆಯಾ?"

"ಇದೆ. ಅರವತ್ತು ಮೈಲಿ. ಅಷ್ಟು ದೂರ ನನ್ನ ಸಹಿಸ್ಕೋತೀಯಾ?"

"ಅದಕ್ಕಿಂತ ದೂರಕ್ಕೂ ಪೆಟ್ರೋಲ್ ಇದೆ. ಹತ್ತು."

"ಎಲ್ಲಿ ಕೂರಲಿ?"

"ಕಿಟಕಿ ಪಕ್ಕ ಕನೇಲೊನದು, ಬಿಟ್ಟುಕೊಡಲ್ಲ. ನೀನು ಇಲ್ಲಿ... ನನಗೆ ತಾಗಿಕೊಂಡು ಕೂತ್ಕೊ."